ದೂರುಗಳ ಕೋಣೆ

ನಮ್ಮೂರಿನಲ್ಲಿ ವರದಿಯ ಚೌಕಟ್ಟು ಅಂಟಿಸುವ ದಿನ ಯಾರೂ ಹೊಸ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಬರುವುದಿಲ್ಲ. ಬೆಳಿಗ್ಗೆ ಯಾವ ಬಾಗಿಲ ಮುಂದೆ ಬಿಟ್ಟು ಒಳಗೆ ಹೋಗಿರುತ್ತೇವೋ, ಮಧ್ಯಾಹ್ನದ ಹೊತ್ತಿಗೆ ಆ ಬಾಗಿಲು ಬೇರೆಲ್ಲೋ ಇರುತ್ತದೆ. ಚಪ್ಪಲಿಗಳು ಮಾತ್ರ ಬಿಟ್ಟ ಜಾಗದಲ್ಲೇ, ಖಾಲಿ ಗೋಡೆಯ ಮುಂದೆ, ಜೋಡಿಜೋಡಿಯಾಗಿ ಕಾಯುತ್ತಿರುತ್ತವೆ. ಹುಡುಕಿಕೊಂಡು ಬರುವಷ್ಟರಲ್ಲಿ ಒಳ್ಳೆಯವು ಯಾರದೋ ಕಾಲಿಗೆ ಹೋಗಿರುತ್ತವೆ.

ನಾನು ಕೊಡೆ ಕಾರ್ಖಾನೆಯವಳು. ವರದಿಯ ಶುದ್ಧ ಪ್ರತಿ ಬರೆಯುವುದು ನನ್ನ ಕೆಲಸ. ಕೆಲವು ವರ್ಷಕ್ಕೊಮ್ಮೆ ನಮ್ಮೂರಿನ ಪ್ರತಿಯೊಂದು ವ್ಯವಹಾರವೂ, ಹೆಂಚಿನ ಕಾರ್ಖಾನೆಯಾಗಲಿ ಬಿಸ್ಕತ್ತಿನ ಬೇಕರಿಯಾಗಲಿ, ತನ್ನ ದೊಡ್ಡ ವರದಿಯನ್ನು ಬರೆಯಬೇಕು. ಮೊದಲು ಚೌಕಟ್ಟು. ಯಾವ ಅಧ್ಯಾಯ ಮೊದಲು, ಯಾವುದು ಆಮೇಲೆ, ಯಾವುದರ ಹೊಟ್ಟೆಯೊಳಗೆ ಯಾವುದು ಎಂದು ಒಂದು ದೊಡ್ಡ ಹಾಳೆಯಲ್ಲಿ ಬರೆದು, ಅಂಗಳದ ಹಲಗೆಗೆ ಮೈದಾ ಅಂಟು ಹಚ್ಚಿ ಅಂಟಿಸುತ್ತಾರೆ. ಅಂಟಿಸಿದ ಕೂಡಲೇ ಕೋಣೆಗಳು ಎದ್ದು ಆ ಸಾಲಿಗೆ ಬಂದು ಕೂರುತ್ತವೆ. ಪೀಠಿಕೆ ಯಾವಾಗಲೂ ಗೇಟಿನ ಪಕ್ಕ. ಅಂಕಿ ಅಂಶಗಳ ಕೋಣೆಯಲ್ಲಿ ಬರೀ ಕಂಬಗಳು, ಹಣೆ ತಗಲದಂತೆ ನಡೆಯಬೇಕು. ಮುಂದಿನ ಯೋಜನೆಗಳ ಕೋಣೆಗೆ ಎಂದೂ ಚಾವಣಿ ಇರುವುದಿಲ್ಲ, ನಾವು ಅಲ್ಲಿ ಹಪ್ಪಳ ಒಣಗಿಸುತ್ತೇವೆ. ಅನುಬಂಧ ಹಿತ್ತಿಲಿನಲ್ಲಿ. ಅನುಬಂಧಕ್ಕೆ ಹೋದವರ ಮನೆಗೆ ನೆಂಟರು ಬಂದು ಸಮಾಧಾನ ಹೇಳಿ ಹೋಗುತ್ತಾರೆ. ಬಸ್ಸು ಕಂಪನಿಯವರು ಒಮ್ಮೆ ಊಟದ ವಿಷಯವನ್ನು ಎರಡು ಅಧ್ಯಾಯ ಮಾಡಿಬಿಟ್ಟರು. ಅನ್ನ ಆ ತುದಿಗೆ, ಸಾರು ಈ ತುದಿಗೆ. ಮುಂದಿನ ವರದಿಯವರೆಗೂ ಡ್ರೈವರುಗಳು ತಟ್ಟೆ ಹಿಡಿದುಕೊಂಡು ಓಡಿದರು.

ಚೌಕಟ್ಟು ನಿಂತ ಮೇಲೆ ಆಯಾ ಕೋಣೆಯವರು ತಮ್ಮ ತಮ್ಮ ಅಧ್ಯಾಯ ಬರೆಯುತ್ತಾರೆ. ಬಟ್ಟೆಯ ಮಾತು ಬಟ್ಟೆಯ ಕೋಣೆಯಲ್ಲಿ, ಸಂಬಳದ ಮಾತು ಸಂಬಳದ ಕೋಣೆಯಲ್ಲಿ. ಒಂದರ ಮಾತನ್ನು ಇನ್ನೊಂದರಲ್ಲಿ ಆಡುವುದು ನಮ್ಮಲ್ಲಿ ಊಟದ ಎಲೆ ದಾಟಿದಷ್ಟು ಕೆಟ್ಟದ್ದು. ಎಲ್ಲ ಮಾತಿಗೂ ಜಾಗವಿರುವುದು ಜಗಲಿಯಲ್ಲಿ ಮಾತ್ರ, ಅದು ಸಾರಾಂಶದ ಜಾಗ. ಆದರೆ ಅಲ್ಲಿ ಒಬ್ಬರಿಗೆ ಒಂದೇ ವಾಕ್ಯ, ಅದರಲ್ಲಿ ಯಾರ ಹೆಸರೂ ಬರುವಂತಿಲ್ಲ, ಮತ್ತು ಜಗಲಿಯಲ್ಲಿ ಬಂದದ್ದು ಒಳಗೆ ಇರಲೇಬೇಕು. ಬೇಕರಿಯ ಸಾಹುಕಾರ ಹಿಂದೊಮ್ಮೆ ಜಂಬಕ್ಕೆ ನಮ್ಮಲ್ಲಿ ಸಿಹಿನೀರಿನ ಬಾವಿಯಿದೆ ಎಂದು ಜಗಲಿಯಲ್ಲಿ ಹೇಳಿಬಿಟ್ಟ. ಹಿಟ್ಟಿನ ಕೋಣೆಯ ನಟ್ಟನಡುವೆ ಬಾವಿ ಬಾಯಿ ಬಿಟ್ಟಿತು. ಮೂಟೆಗಳೆಲ್ಲ ಅದರೊಳಗೆ ಹೋದವು.

ನಾನು ಅಕ್ಷರ ಕಲಿತದ್ದು ನಡುಪ್ರಾಯ ದಾಟುವಾಗ, ಹಿಟ್ಟಿನ ಗಿರಣಿಯ ಹಿಂದಿನ ರಾತ್ರಿಶಾಲೆಯಲ್ಲಿ. ಆಗ ನಾನು ಕೊಡೆ ಕಾರ್ಖಾನೆಯ ಕಸ ಗುಡಿಸುತ್ತಿದ್ದೆ. ನನ್ನ ಜೊತೆ ಮಾದೇವಿ ಎಂಬವಳು ಬರುತ್ತಿದ್ದಳು, ನನಗಿಂತ ತುಂಬ ಚಿಕ್ಕವಳು, ಕೊಡೆಯ ಮರದ ಹಿಡಿಗಳಿಗೆ ಬಣ್ಣ ಬಳಿಯುವವಳು. ಒಂದೇ ಸ್ಲೇಟು ಇಬ್ಬರಿಗೂ. ನಾನು ಒಂದು ಅಕ್ಷರ ತಿದ್ದುವಷ್ಟರಲ್ಲಿ ಅವಳು ಸಾಲು ಮುಗಿಸಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಕೂತಲ್ಲಿ ನಿಂತಲ್ಲಿ ನಿದ್ದೆ ಅವಳಿಗೆ. ಒಂದು ದಿನ ಅವಳು ಶಾಲೆಗೆ ಬರಲಿಲ್ಲ. ಹಿಡಿಗಳು ಬಣ್ಣ ಹಚ್ಚಿಕೊಂಡೇ ಹೊರಗಿನಿಂದ ಬರತೊಡಗಿದ್ದ ಕಾಲ ಅದು, ಬಣ್ಣದ ಕೋಣೆಯನ್ನು ಹಿಂದಿನ ಸಾಹುಕಾರರು ಆ ಸಲದ ವರದಿಯಲ್ಲಿ ಕೈಬಿಟ್ಟಿದ್ದರು. ಕೆಲಸ ಹೋದ ಸಿಟ್ಟಿಗೆ ಯಾರಿಗೂ ಹೇಳದೆ ಅಕ್ಕನ ಊರಿಗೆ ಹೋದಳಂತೆ ಎಂದರು. ನನಗೂ ಹೇಳದೆ. ಗಿರಣಿಯ ಮೂಲೆಯಲ್ಲಿ ನಾನು ಎಷ್ಟೋ ಸಂಜೆ ಕಾದೆ. ಆಮೇಲೆ ಕಾಯುವುದನ್ನು ಬಿಟ್ಟೆ, ಕೋಪವನ್ನು ಬಿಡಲಿಲ್ಲ.

ಇದು ಈ ಸಲದ ವರದಿಯ ಕಥೆ. ಹೊರಗಿನ ದೊಡ್ಡ ಕಂಪನಿಯೊಂದು ನಮ್ಮಿಂದ ಕೊಡೆ ಕೊಳ್ಳುವ ಮಾತಾಗಿತ್ತು. ಅವರ ಕಡೆಯ ಓದುಗರು ಬಂದು, ಜಗಲಿಯಲ್ಲಿ ಕೂತು, ಸಾರಾಂಶ ಕೇಳಿ, ವರದಿಗೆ ಸಹಿ ಹಾಕಿದರೆ ಆರ್ಡರು. ಸಾಹುಕಾರ ಕರಿಬಸಪ್ಪನವರು ಇದಕ್ಕಾಗಿ ಹೊಸ ಚೌಕಟ್ಟಿನವನನ್ನು ಕರೆಸಿಕೊಂಡಿದ್ದರು. ಇಂದುಶೇಖರ ಅಂತ, ಮೆಲುಮಾತಿನ ಹುಡುಗ. ಇಬ್ಬರೂ ಬಾಗಿಲು ಹಾಕಿಕೊಂಡು ಚೌಕಟ್ಟು ಕಟ್ಟಿದರು. ಅಂಟಿಸುವ ತನಕ ಬೇರೆಯವರು ನೋಡುವಂತಿಲ್ಲ, ನೋಡಿದರೆ ತಮ್ಮ ಕೋಣೆ ಮುಂದೆ ಬರಲಿ ಎಂದು ಕಾಲು ಹಿಡಿಯುತ್ತಾರೆ.

ಅಂಟಿಸುವ ದಿನ ಗಂಟೆ ಹೊಡೆಯಿತು. ಎಲ್ಲರೂ ಕೆಲಸ ಬಿಟ್ಟು ಅಂಗಳಕ್ಕೆ ಬಂದೆವು, ನಮ್ಮ ಮನೆ ಯಜಮಾನರನ್ನು ಬಿಟ್ಟು. ಅವರು ದೂರುಗಳ ಕೋಣೆಯವರು. ಮುರಿದು ವಾಪಸು ಬಂದ ಕೊಡೆಗಳನ್ನು ರಿಪೇರಿ ಮಾಡಿ, ಯಾಕೆ ಮುರಿಯಿತು ಎಂದು ಬಾಯಲ್ಲಿ ಹೇಳಿ ಬರೆಸುವುದು ಅವರ ಕೆಲಸ. ಅವರು ಯಾವ ಚೌಕಟ್ಟಿಗೂ ಎದ್ದು ಬಂದವರಲ್ಲ. "ಕೋಣೆ ಎಲ್ಲಿಗೆ ಹೋಗ್ತದೋ ನಾನೂ ಅಲ್ಲಿಗೇ ಹೋಯ್ತೀನಿ. ಬಸ್ಸು ತಿರುವಿಗೆ ಬಂದಾಗೆಲ್ಲ ಇಳಿದು ಹತ್ತುತಾರೇನೇ?" ಎನ್ನುತ್ತಿದ್ದರು. ಇದು ಕಾರ್ಖಾನೆಗೆಲ್ಲ ಗೊತ್ತಿತ್ತು. ಇಂದುಶೇಖರನಿಗೆ ಗೊತ್ತಿರಲಿಲ್ಲ.

ಹಾಳೆ ಅಂಟಿಸಿದರು. ಕಟ್ಟಡ ಲಟಲಟ ಮೈಮುರಿಯಿತು, ಸುಣ್ಣದ ಧೂಳೆದ್ದಿತು, ಬಾಗಿಲುಗಳು ಒಂದರ ಹಿಂದೊಂದು ಸರಿದುಹೋದವು. ಧೂಳು ಕೂತ ಮೇಲೆ ಜನ ಹಲಗೆಯ ಮುಂದೆ ನೂಕಾಡಿಕೊಂಡು ತಮ್ಮ ಕೋಣೆ ಹುಡುಕಿಕೊಂಡರು. ಎಲ್ಲರೂ ಚದುರಿದ ಮೇಲೆ ನಾನು ಊಟದ ಡಬ್ಬಿ ಹಿಡಿದುಕೊಂಡು ಹೋಗಿ, ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದೆ. ಪೀಠಿಕೆ. ಬಟ್ಟೆ. ಕಡ್ಡಿ. ಜೋಡಣೆ. ಸಿಬ್ಬಂದಿ. ಸಂಬಳ. ಆಡಳಿತ. ಅಂಕಿ ಅಂಶ. ಮುಂದಿನ ಯೋಜನೆ. ಅನುಬಂಧ. ಕೃತಜ್ಞತೆ. ನಾನು ನಿಧಾನವಾಗಿ ಓದುವವಳು, ಒಂದು ಸಾಲು ಬಿಟ್ಟಿರಬೇಕು ಎಂದುಕೊಂಡು ಮತ್ತೆ ಮೇಲಿನಿಂದ ಶುರು ಮಾಡಿದೆ. ಬಿಟ್ಟಿರಲಿಲ್ಲ. ದೂರುಗಳು ಎಂಬ ತಲೆಬರಹವೇ ಇರಲಿಲ್ಲ.

ಕಾರ್ಖಾನೆಯನ್ನೆಲ್ಲ ಸುತ್ತಿದೆ. ಡಬ್ಬಿಯ ಸಾರು ತುಳುಕಿ ಸೆರಗೆಲ್ಲ ಒದ್ದೆಯಾಗಿತ್ತು. ಕೊನೆಗೆ ಜಗಲಿಯ ಹಿಂಗೋಡೆಯ ಮೇಲೆ ನಮ್ಮ ಯಜಮಾನರ ಕೋಣೆಯಲ್ಲಿದ್ದ ಕ್ಯಾಲೆಂಡರು ಕಂಡಿತು, ಅವರು ಬೀಡಿ ಚುಚ್ಚಿ ತೂತು ಮಾಡಿದ್ದ ಅದೇ ಕ್ಯಾಲೆಂಡರು. ಸುತ್ತಲೂ ಬಾಗಿಲಿಲ್ಲ, ಕಿಟಕಿಯಿಲ್ಲ, ಬೆಳ್ಳಗೆ ಸುಣ್ಣ ಬಳಿದ ಗೋಡೆ. ಗೋಡೆಗೆ ಕಿವಿಯಿಟ್ಟೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ, ದೂರದಿಂದ, ಒಂದೇ ಒಂದು ಸಲ, ಟಕ್ ಎಂದಿತು. ಅವರ ಸುತ್ತಿಗೆಯ ಸದ್ದು.

ಮೊದಲು ಓಡಿದ್ದು ಬಟ್ಟೆಯ ಕೋಣೆಗೆ, ಅಲ್ಲಿ ಮೆಹಬೂಬಮ್ಮ ನನ್ನ ಆಪ್ತಳು. ಕೊಡೆಬಟ್ಟೆ ಕತ್ತರಿಸುವ ಹೆಂಗಸರಿಗೆಲ್ಲ ಅವಳೇ ದೊಡ್ಡವಳು.

"ಮೆಹಬೂಬೀ, ನಮ್ಮ ಯಜಮಾನರು ಗೋಡೆ ಒಳಗೆ..."

ಅವಳು ಕತ್ತರಿ ಕೆಳಗಿಟ್ಟು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಅಕ್ಕಯ್ಯಾ, ಇದು ಬಟ್ಟೆ ಅಧ್ಯಾಯ. ಇಲ್ಲಿ ದೂರು ಎತ್ತಬ್ಯಾಡ ಕಣಮ್ಮಾ. ಬೇಕಾದ್ರೆ ಅಳು. ಅಳೋಕೆ ಅಧ್ಯಾಯ ಬ್ಯಾಡ."

ಅವಳೂ ಅಳುತ್ತಿದ್ದಳು. ಆದರೆ ಕೈ ತೆಗೆಯಲಿಲ್ಲ.

ಸಿಬ್ಬಂದಿಯ ಕೋಣೆಗೆ ಹೋಗಿ ನಮ್ಮ ಯಜಮಾನರು ಕಾಣುತ್ತಿಲ್ಲ ಎಂದೆ. ಅಲ್ಲಿನ ಗುಮಾಸ್ತ ಬೋರಲಿಂಗು ಕನ್ನಡಕ ಏರಿಸಿಕೊಂಡು ಕೇಳಿದ, "ಅಂಕಣ್ಣ ರಜಾ ಹಾಕವ್ರಾ, ಗೈರುಹಾಜರಾ?"

"ಎರಡೂ ಅಲ್ಲಪ್ಪ. ಕೆಲಸ ಮಾಡ್ತಾ ಅವ್ರೆ. ಬಂದು ಕೇಳಿಸ್ಕೋ, ಸದ್ದು ಬರ್ತದೆ."

"ಕೆಲಸ ಮಾಡ್ತಾ ಇದ್ರೆ ಮತ್ತೇನಮ್ಮಾ ತೊಂದರೆ?"

"ತೊಂದರೆ ಏನಪ್ಪಾ ಅಂದ್ರೆ..."

"ಹಾಂ ಹಾಂ ಹಾಂ," ಎಂದು ಅವನು ಎರಡೂ ಕಿವಿ ಮುಚ್ಚಿಕೊಂಡ. "ಅದು ದೂರಾಯ್ತು. ದೂರಿನ ಕೋಣೇಲಿ ಹೇಳ್ಬೇಕು."

"ದೂರಿನ ಕೋಣೇನೇ ಇಲ್ವಲ್ಲೋ!"

"ಅದೂ ದೂರೇ ಅಲ್ವಾ ಚೆನ್ನಾಜಮ್ಮಾ?" ಎಂದ. ಗೇಲಿ ಮಾಡಲಿಲ್ಲ. ಹೇಳುತ್ತ ಹೇಳುತ್ತ ಅದು ಎಂಥ ಮಾತು ಎಂಬುದು ಅವನಿಗೇ ಹೊಳೆದು, ಮುಖ ಬಿಳಿಚಿಕೊಂಡಿತು.

ಆಡಳಿತದ ಕೋಣೆಯ ಹೊಸ್ತಿಲಲ್ಲಿ ನಿಂತು ಉಸಿರು ಸುಧಾರಿಸಿಕೊಂಡೆ. ಅಲ್ಲಿ ಆಡಳಿತದ ಮಾತನ್ನೇ ಆಡಬೇಕು. ಸಾಹುಕಾರರು ಚಹಾ ಕುಡಿಯುತ್ತಿದ್ದರು, ಇಂದುಶೇಖರ ಪಕ್ಕದಲ್ಲಿ ಚೌಕಟ್ಟಿನ ಕರಡು ಮಡಿಸುತ್ತಿದ್ದ.

"ಸಾಹುಕಾರ್ರೇ, ಆಡಳಿತದ ಪ್ರಶ್ನೆ ಒಂದು ಐತೆ," ಎಂದೆ. "ಒಂದು ಕೋಣೆ ಕೈಬಿಟ್ಟಾಗ ಅದರೊಳಗೆ ಒಬ್ಬರು ಕೂತಿದ್ರೆ, ಆಡಳಿತ ಏನು ಮಾಡ್ತದೆ?"

"ಒಳಗೆ ಯಾರ್ ಇರ್ತಾರಮ್ಮ? ಗಂಟೆ ಹೊಡ್ದಾಗ ಎಲ್ರೂ ಅಂಗಳಕ್ಕೆ..." ಎಂದವರು ಅಲ್ಲಿಗೇ ನಿಂತರು. ನೆನಪಾಯಿತು. ಕೈಯಲ್ಲಿದ್ದ ಲೋಟ ಜಾರಿ ಚಹಾ ಪಂಚೆಯ ಮೇಲೆಲ್ಲ ಚೆಲ್ಲಿತು, ಸುಟ್ಟದ್ದು ಅವರಿಗೆ ಗೊತ್ತಾಗಲಿಲ್ಲ. "ಅಯ್ಯೋ ಶಿವನೇ. ಅಂಕಣ್ಣ."

ಇಂದುಶೇಖರ ಎದ್ದು ನಿಂತ. "ಒಳಗೆ ಜನ ಇದ್ರಾ? ಜನ ಇದ್ರಾ ಸಾರ್? ನೀವು ಹೇಳ್ಲಿಲ್ವಲ್ಲ! ನಾನು ತಲೆಬರಹ ಮಾತ್ರ ತೆಗ್ದೆ."

"ಹಾಳೆ ಕಿತ್ತುಬಿಡಿ," ಎಂದೆ.

"ಅಂಟಿಸಿದ್ದನ್ನ ಕಿತ್ರೆ ಎಲ್ಲಾ ಕೋಣೆನೂ ಹೋಗುತ್ತೆ ಅಮ್ಮಾ. ಈಗ ಎಲ್ಲರೂ ಒಳಗಿದ್ದಾರೆ."

ಸಾಹುಕಾರರು ಬಹಳ ಹೊತ್ತು ಪಂಚೆ ಒರೆಸಿಕೊಂಡರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು, "ಓದುಗರು ಹೊರಗಿನೋರು ಚೆನ್ನಾಜಮ್ಮ. ದೂರು ಅನ್ನೋ ಬಾಗಿಲು ಕಂಡ್ರೆ ಮೊದ್ಲು ಅಲ್ಲಿಗೇ ನುಗ್ತಾರೆ. ಈ ಆರ್ಡರು ಬರ್ದಿದ್ರೆ ಅರ್ಧ ಜನಾನ ನಾನೇ ಮನೆಗೆ ಕಳಿಸ್ಬೇಕು. ಮುಂದಿನ ವರದೀಲಿ ದೂರುಗಳನ್ನ ಮೊದಲನೇ ಅಧ್ಯಾಯ ಮಾಡೋಣ. ಅಂಕಣ್ಣ ಏನ್ ಹೊರಗೆ ಬಾ ಅಂದ್ರೂ ಬರೋನಲ್ಲ. ಕೈಗೆ ಕೆಲಸ ಇದ್ರೆ ಅವನಿಗೆ ಸಾಕು."

ಮುಂದಿನ ವರದಿ ಎಂದರೆ ವರ್ಷಗಳು. ನಾನು ಈ ಮನುಷ್ಯನನ್ನು ಅವರು ಚಡ್ಡಿ ಹಾಕುವ ಕಾಲದಿಂದ ಬಲ್ಲೆ, ಜ್ವರ ಬಂದಾಗ ತಣ್ಣೀರು ಪಟ್ಟಿ ಹಾಕಿದ್ದೇನೆ. ಕೆಟ್ಟವರಲ್ಲ. ಕೆಟ್ಟವರಲ್ಲದವರ ಬಾಯಲ್ಲಿ ಅಂಥ ಮಾತು ಬಂದದ್ದು ಕೇಳಿ ನನಗೆ ಸಿಟ್ಟು ಕೂಡ ಬರಲಿಲ್ಲ, ಕಿವಿಯೊಳಗೆ ಗುಂಯ್ ಎಂದಿತು ಅಷ್ಟೆ.

ಅಧ್ಯಾಯಗಳನ್ನು ಬರೆಯುವ ಕೆಲಸ ಶುರುವಾಯಿತು. ಒಂದೊಂದು ಕೋಣೆಯಿಂದ ಒಂದೊಂದು ಕರಡು ಬರುತ್ತಿತ್ತು, ನಾನು ಜಗಲಿಯ ಹಿಂಗೋಡೆಗೆ ಬೆನ್ನು ಕೊಟ್ಟು ಕೂತು ಶುದ್ಧ ಪ್ರತಿ ಬರೆಯುತ್ತಿದ್ದೆ. ಮಧ್ಯಾಹ್ನ ಎರಡು ಡಬ್ಬಿ ಬಿಚ್ಚುತ್ತಿದ್ದೆ. ಗೋಡೆಯಲ್ಲಿ ಬೆಳಿಗ್ಗೆ ಒಂದು ಟಕ್, ಸಂಜೆ ಒಂದು ಟಕ್. ಅವರು ಸಹಾಯಕ್ಕೆ ಬಡಿಯುತ್ತಿದ್ದಾರೆ, ದಿನಕ್ಕೆ ಎರಡೇ ಸಲ ಬಡಿಯುವಷ್ಟು ಸೋತುಹೋಗಿದ್ದಾರೆ ಎಂದು ನಾನು ಅಂದುಕೊಂಡೆ. ಪ್ರತಿ ಟಕ್ಕಿಗೂ ನಾನು ಒಳಗಿದ್ದವರಿಗೆ ಕೇಳಲೆಂದು ಬಳೆ ತೆಗೆದು ಗೋಡೆಗೆ ಕುಟ್ಟುತ್ತಿದ್ದೆ.

ಇಂದುಶೇಖರನಿಗೆ ಅನ್ನ ಸೇರುತ್ತಿರಲಿಲ್ಲ. ಒಂದು ದಿನ ಅವನು ಸಾಹುಕಾರರಿಗೆ ಹೇಳದೆ ಜೋಡಣೆಯ ಅಧ್ಯಾಯದ ಪುಟವೊಂದರ ತಳದಲ್ಲಿ ಚಿಕ್ಕ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ ಸೇರಿಸಿದ: ವಾಪಸು ಬಂದ ಕೊಡೆಗಳನ್ನು ಸರಿಪಡಿಸಲಾಗುತ್ತದೆ. ಬರೆದು ಮುಗಿಸುವುದರೊಳಗೆ ಹಿಂಗೋಡೆಯ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡು, ಒಂದು ಸೀಳು ತೆರೆಯಿತು. ಇಲಿ ತೂರುವಷ್ಟು. ನಾನು ನೆಲಕ್ಕೆ ಕೆನ್ನೆಯಿಟ್ಟು ಮಲಗಿ ನೋಡಿದೆ. ಅವರ ಪಾದ ಕಂಡಿತು, ಒಡೆದ ಹಿಮ್ಮಡಿ, ಅಂಟಿಸಿದ ದಿನ ಬೆಳಿಗ್ಗೆ ನಾನೇ ಎಣ್ಣೆ ಸವರಿದ್ದು. ಅದರ ಪಕ್ಕ ಅವರ ಕೈಯಿಂದ ಬಿದ್ದ ಮೊಳೆಯೊಂದು ಇತ್ತು. ಮೊಳೆ ನೆಲದ ಮೇಲಿರಲಿಲ್ಲ. ನೆಲಕ್ಕೂ ಅದಕ್ಕೂ ನಡುವೆ ಗಾಳಿಯಿತ್ತು. ಅದು ಬೀಳುತ್ತಲೇ ಇತ್ತು.

ನಾನು ಮಧ್ಯಾಹ್ನವೆಲ್ಲ ಮಲಗಿ ನೋಡಿದೆ. ಬಿಸಿಲು ಜಗಲಿಯಿಂದ ಇಳಿದುಹೋಗುವ ಹೊತ್ತಿಗೆ ಮೊಳೆ ನೆಲ ಮುಟ್ಟಿತು. ಆಗ ನನಗೆ ಅರ್ಥವಾಯಿತು. ಅವರು ಸೋತಿರಲಿಲ್ಲ, ಸಹಾಯಕ್ಕೂ ಬಡಿಯುತ್ತಿರಲಿಲ್ಲ. ಎಂದಿನ ಹಾಗೆ ಟಕಟಕ ಎಂದು ಕೊಡೆಯ ಕಡ್ಡಿಗೆ ಮೊಳೆ ಹೊಡೆಯುತ್ತಿದ್ದರು. ಅವರಿಗೆ ಇನ್ನೂ ಒಂದು ನಿಮಿಷವೂ ಆಗಿರಲಿಲ್ಲ. ಮುಂದಿನ ವರದಿಯ ಹೊತ್ತಿಗೆ ಅವರು ಒಂದು ಕೊಡೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿರುತ್ತಾರೆ. ಅಷ್ಟು ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ಡಬ್ಬಿ ಯಾಕಿನ್ನೂ ಬರಲಿಲ್ಲ ಎಂದು ಬೈದುಕೊಳ್ಳುತ್ತ ಹೊರಗೆ ಬರುವ ಅವರಿಗೆ ಯಾರು ಏನು ಹೇಳುತ್ತಾರೆ? ಇದನ್ನು ನೆನೆದ ಮೇಲೆ ನನಗೆ ಏಳಲಾಗಲಿಲ್ಲ. ಬೋರಲಿಂಗು ಬಂದು ಎಬ್ಬಿಸಿ ಕೂರಿಸಿದ.

ಮರುದಿನ ಸಾಹುಕಾರರು ಕರಡು ತಿದ್ದುವಾಗ ಅಡಿಟಿಪ್ಪಣಿ ಕಂಡು ಹೊಡೆದುಹಾಕಿದರು. ಸೀಳು ಮುಚ್ಚಿಕೊಂಡಿತು.

"ಚೆನ್ನಾಜಮ್ಮನೋರೇ," ಎಂದ ಇಂದುಶೇಖರ ಆ ಸಂಜೆ, ಜಗಲಿಯ ಮೆಟ್ಟಿಲ ಮೇಲೆ ಕೂತು, "ನನ್ನಿಂದ ಇನ್ನೇನೂ ಆಗಲ್ಲ. ಒಂದು ಕೇಳ್ತೀನಿ. ಸಾರಾಂಶದ ಕೊನೇ ವಾಕ್ಯ ಯಾರದು?"

ಅದು ಶುದ್ಧ ಪ್ರತಿ ಬರೆಯುವವಳದು. ಎಲ್ಲ ಕೋಣೆಯವರೂ ತಮ್ಮ ತಮ್ಮ ವಾಕ್ಯ ಹೇಳಿದ ಮೇಲೆ ಬರೆದವಳು ನಿಂತು ನಾನು ಕಂಡದ್ದನ್ನೇ ಬರೆದಿದ್ದೇನೆ ಎನ್ನಬೇಕು. ಪ್ರತಿ ವರದಿಗೂ ಹೇಳಿ ಹೇಳಿ ಅದು ನನಗೆ ಮಾತೇ ಆಗಿರಲಿಲ್ಲ, ಕೆಮ್ಮಿದ ಹಾಗೆ ಆಗಿತ್ತು. ಅದರ ಜಾಗದಲ್ಲಿ ಬೇರೆ ವಾಕ್ಯ ಹೇಳಬಾರದೆಂದು ಎಲ್ಲಿಯೂ ಇಲ್ಲ. ಕಂಡದ್ದಾಗಿದ್ದರೆ ಸಾಕು.

ನಾನು ಯಾರಿಗೂ ಏನೂ ಹೇಳಲಿಲ್ಲ. ಆದರೂ ಓದುಗರು ಬರುವ ಹಿಂದಿನ ದಿನ ಮೆಹಬೂಬಮ್ಮ ಮನೆಗೆ ಬಂದಳು. ಹೊಸ್ತಿಲ ಆಚೆಗೇ ನಿಂತಳು. ಮನೆಯಲ್ಲಿ ಅಧ್ಯಾಯವಿಲ್ಲ, ಏನು ಬೇಕಾದರೂ ಮಾತಾಡಬಹುದು.

"ಬಾ, ಕೂತ್ಕೋ," ಎಂದೆ.

"ಕೂತ್ಕೊಂಡ್ರೆ ಹೇಳೋಕಾಗಲ್ಲ ಅಕ್ಕಯ್ಯ. ನಮ್ ಕೋಣೇಲಿ ಹೆಂಗಸರು ಎಷ್ಟು ಜನ ಅವ್ರೆ ನಿಂಗೇ ಗೊತ್ತು. ಈ ಆರ್ಡರು ತಪ್ಪಿದ್ರೆ ಮುಂದಿನ ಚೌಕಟ್ಟಿನಾಗೆ ಬಟ್ಟೆ ಅನ್ನೋದೇ ಇರಲ್ಲ. ಹೊಲಿದ ಬಟ್ಟೆ ಹೊರಗಿಂದ ತರಿಸ್ತಾರೆ, ಆ ಹಿಡಿಗಳನ್ನ ತರಿಸಿದಂಗೆ."

"ಅದ್ಕೇ?"

"ಅದ್ಕೇ ಅಂದ್ರೆ..." ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. "ಹೇಳ್ಬ್ಯಾಡ ಅಂತ ಹೇಳೋಕೆ ಎಲ್ರೂ ಸೇರಿ ನನ್ನ ಕಳಿಸವ್ರೆ. ನನಗೆ ಹೇಳೋಕಾಗಲ್ಲ. ನಾನು ಬಂದಿದ್ದೆ, ಹೇಳ್ದೆ ಅಂತ ಅವ್ರಿಗೆ ಹೇಳ್ತೀನಿ. ನೀನು ನಿನ್ನ ಗಂಡನ್ನ ನೋಡ್ಕೋ."

ಅವಳು ಹೋದ ಮೇಲೆ ನಾನು ನನ್ನ ವಾಕ್ಯವನ್ನು ಕಟ್ಟಲು ಕೂತೆ. ದೊಡ್ಡ ದೊಡ್ಡ ವರದಿಗಳನ್ನು ಬರೆದ ಕೈಗೆ ಒಂದು ಸಾಲು ಬರಲಿಲ್ಲ. ನನ್ನ ಗಂಡನನ್ನು ಹೊರಗೆ ಬಿಡಿ ಎನ್ನಲೇ? ಅದು ಬೇಡಿಕೆ, ಕಂಡದ್ದಲ್ಲ. ಅಂಕಣ್ಣ ಎನ್ನುವಂತಿಲ್ಲ, ಸಾರಾಂಶದಲ್ಲಿ ಹೆಸರಿಗೆ ಜಾಗವಿಲ್ಲ. ನಾನು ಕಲಿತ ಪದ್ಧತಿಯ ಪ್ರಕಾರ ಒಬ್ಬರ ವಿಷಯವನ್ನು ಎಲ್ಲರ ವಿಷಯ ಮಾಡಿ ಹೇಳಬೇಕು. ಹಾಗೇ ಮಾಡಿದೆ. ಪದ್ಧತಿ ಅದು, ಅಷ್ಟೇ. ಬೇರೇನೂ ನನ್ನ ಮನಸ್ಸಿನಲ್ಲಿರಲಿಲ್ಲ.

ಓದುಗರು ಮರುದಿನ ಬೆಳಿಗ್ಗೆ ಬಂದರು. ಸಣಕಲು ಮನುಷ್ಯ, ಕಂಕುಳಲ್ಲಿ ಒಂದು ಚೀಲ. ಜಗಲಿಯ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಕೇಳಿದರು. ಪಕ್ಕದ ಮೇಜಿನ ಮೇಲೆ ಅಧ್ಯಾಯಗಳ ಹಾಳೆಗಳು ರಾಶಿಯಾಗಿದ್ದವು, ರಟ್ಟು ಹಾಕುವವನು ಸೂಜಿಗೆ ದಾರ ಪೋಣಿಸಿಕೊಂಡು ನಿಂತಿದ್ದ. ಸಾರಾಂಶ ಮುಗಿದರೆ ಹೊಲಿಗೆ. ಹೊಲಿಗೆ ಬಿದ್ದ ಮೇಲೆ ಮುಂದಿನ ವರದಿಯ ತನಕ ಒಂದು ಇಟ್ಟಿಗೆಯೂ ಅಲುಗದು.

ಪೀಠಿಕೆಯವನು ಹೇಳಿದ. ಮೆಹಬೂಬಮ್ಮ, "ನಮ್ಮ ಬಟ್ಟೆ ನೆನೆದರೂ ಬಣ್ಣ ಬಿಡುವುದಿಲ್ಲ," ಎಂದು ಹೇಳಿ ನನ್ನ ಕಡೆ ನೋಡದೆ ಹಿಂದಕ್ಕೆ ಸರಿದಳು. ಕಡ್ಡಿ, ಜೋಡಣೆ, ಸಿಬ್ಬಂದಿ, ಸಂಬಳ, ಎಲ್ಲರದೂ ಆಯಿತು. ಒಂದೊಂದನ್ನೂ ನಾನು ಬರೆದುಕೊಂಡೆ. ಬೆನ್ನ ಹಿಂದಿನ ಗೋಡೆಯಲ್ಲಿ ಬೆಳಗಿನ ಟಕ್ ಕೇಳಿಸಿತು. ಓದುಗರು ಕಣ್ಣು ತೆರೆದರು.

"ಅದೇನು ಸದ್ದು?"

"ಹಳೇ ಕಟ್ಟಡ ಸ್ವಾಮಿ," ಎಂದರು ಸಾಹುಕಾರರು. "ಹಲ್ಲಿ, ಗಿಲ್ಲಿ."

ನಾನು ಎದ್ದು ನಿಂತೆ. ಎಲ್ಲರೂ ನನ್ನ ಕೆಮ್ಮಿಗೆ ಕಾಯುತ್ತಿದ್ದರು. ಸಾಹುಕಾರರ ತುಟಿಯಾಗಲೇ ನನ್ನ ಹಳೆಯ ವಾಕ್ಯವನ್ನು ನನಗಿಂತ ಮುಂಚೆ ಆಡುತ್ತಿತ್ತು. ನಾನು ಒಂದೊಂದೇ ಪದ ಬಿಡಿಸಿ ಹೇಳಿದೆ:

"ಈ ಕಾರ್ಖಾನೆಯ ವರದಿಯಿಂದ ಕೈಬಿಟ್ಟವರು ಈ ಗೋಡೆಯ ಒಳಗೆ ಕೂತು ಇನ್ನೂ ಕೆಲಸ ಮಾಡುತ್ತಿದ್ದಾರೆ."

ಸಾಹುಕಾರರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ರಟ್ಟಿನವನ ಸೂಜಿ ಕೆಳಗೆ ಬಿತ್ತು, ಅದು ಬಿದ್ದ ಸದ್ದು ನನಗೆ ಕೇಳಿಸಿತು. ಆಮೇಲೆ ಗೋಡೆಯ ಸುಣ್ಣ ಬಿರಿಯಿತು. ಕ್ಯಾಲೆಂಡರು ಪಕ್ಕಕ್ಕೆ ವಾಲಿತು. ಬಿರುಕು ಬಾಗಿಲಾಯಿತು, ಬಾಗಿಲಿನಲ್ಲಿ ನಮ್ಮ ಯಜಮಾನರು ಸುತ್ತಿಗೆ ಹಿಡಿದುಕೊಂಡು, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು, ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು.

"ಏನೇ ಇದು ಸಂತೆ?" ಎಂದರು ಮೊಳೆ ಉಗುಳಿ. ನಾನು ಕೂತಿದ್ದ ಜಾಗದಲ್ಲಿದ್ದ ಊಟದ ಡಬ್ಬಿ ನೋಡಿದರು. "ಈಗಿನ್ನೂ ಗಂಟೆ ಹೊಡೀತು, ಆಗ್ಲೇ ಊಟ ತಂದ್ಬಿಟ್ಯಾ? ನಂಗಿನ್ನೂ ಹಸಿವಾಗಿಲ್ಲ."

ನಾನು ಅವರ ತೋಳನ್ನು ಹಿಡಿದುಕೊಂಡೆ, ಅಷ್ಟು ಜನರ ಎದುರು. ಅವರು ಗಾಬರಿಯಿಂದ ಬಿಡಿಸಿಕೊಳ್ಳಲು ನೋಡಿದರು. ನಾನು ಬಿಡಲಿಲ್ಲ.

ಆರ್ಡರು ಏನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಓದುಗರು ಆ ದಿನ ಸಹಿ ಹಾಕಲಿಲ್ಲ. ಹೊಸ ಅಧ್ಯಾಯ ಬರೆದು ಮುಗಿಸಿ ಎಂದು ಹೇಳಿ ಹೋದವರು, ಮತ್ತೆ ಬಂದು ಓದಿ, ಮೊದಲು ಮಾತಾಡಿದ್ದರಲ್ಲಿ ಅರ್ಧಕ್ಕೆ ಒಪ್ಪಿದರು. ಮೆಹಬೂಬಮ್ಮನ ಕೋಣೆ ಕಿರಿದಾಯಿತು. ಮೊದಲಿನಷ್ಟು ಹೆಂಗಸರು ಈಗ ಅಲ್ಲಿಲ್ಲ. ಅವಳು ನನ್ನ ಜೊತೆ ಮಾತಾಡುತ್ತಾಳೆ, ಮೊದಲಿನಂತಲ್ಲ. ನನ್ನನ್ನು ಕೇಳಿದರೆ ಅದು ನನಗೂ ನ್ಯಾಯವೆಂದೇ ಕಾಣುತ್ತದೆ.

ಆದರೆ ಆ ಗಳಿಗೆಯಲ್ಲಿ ಯಾರೂ ಆರ್ಡರಿನ ಮಾತೆತ್ತಲಿಲ್ಲ. ಗೋಡೆ ಬಿರಿಯುವುದು ಇನ್ನೂ ನಿಂತಿರಲಿಲ್ಲ. ನಮ್ಮ ಯಜಮಾನರ ಬಾಗಿಲಿನ ಪಕ್ಕದಲ್ಲಿ ಸುಣ್ಣ ಮತ್ತೆ ಉದುರಿತು. ಅಲ್ಲಿ ಇನ್ನೊಂದು ಬಾಗಿಲು. ಅದನ್ನು ಚೌಕಟ್ಟಿನಲ್ಲಿ ಯಾರೂ ಬರೆದಿರಲಿಲ್ಲ, ಯಾರೂ ಕೈಬಿಟ್ಟೂ ಇರಲಿಲ್ಲ, ಈ ಸಲವಂತೂ ಅಲ್ಲ. ಓದುಗರು ಎದ್ದು ನಿಂತರು.

"ಒಳಗೆ ಇನ್ನೂ ಎಷ್ಟು ಜನ ಇದ್ದಾರೆ?" ಎಂದು ಕೇಳಿದರು.

ಸಾಹುಕಾರರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಗೊತ್ತಿರಲಿಲ್ಲ.

ಬಾಗಿಲಿನೊಳಗಿಂದ ಮೊದಲು ವಾರ್ನಿಷಿನ ವಾಸನೆ ಬಂತು. ಅಂಥ ವಾಸನೆ ಕಾರ್ಖಾನೆಯಲ್ಲಿ ಬಂದು ಒಂದು ತಲೆಮಾರೇ ಆಗಿತ್ತು. ಆಮೇಲೆ ಒಬ್ಬ ಹುಡುಗಿ ಹೊರಗೆ ಬಂದಳು. ಕೈಯೆಲ್ಲ ಕಂದು ಬಣ್ಣ, ಕೆನ್ನೆಯ ಮೇಲೆ ಮೇಜಿನ ಅಂಚಿನ ಗೆರೆ ಬಿದ್ದಿತ್ತು, ನಿದ್ದೆಯಿಂದ ಈಗ ಎದ್ದವಳ ಹಾಗೆ. ಸೊಂಟದಲ್ಲಿ ಸಿಕ್ಕಿಸಿದ್ದ ಬಳಪದ ತುಂಡನ್ನು ಮುಟ್ಟಿ ನೋಡಿಕೊಂಡಳು. ಜನರನ್ನೆಲ್ಲ ಕಂಡು ನಾಚಿದಳು. ಗುರುತಿನವರು ಯಾರಾದರೂ ಇದ್ದಾರೇನೋ ಎಂದು ಒಂದೊಂದೇ ಮುಖ ದಾಟಿ ಬಂದು, ಎಲ್ಲರಿಗಿಂತ ಮುದುಕಿಯಾಗಿ ಕಂಡ ನನ್ನ ಮುಂದೆ ನಿಂತಳು.

"ಅಜ್ಜೀ," ಎಂದಳು ಮಾದೇವಿ, "ಸಂಜೆ ಗಂಟೆ ಹೊಡೀತಾ? ಒಂದ್ ಚೂರು ಕಣ್ ಹತ್ಬಿಡ್ತು. ಗಿರಣಿ ಮೂಲೇಲಿ ನಮ್ ಚೆನ್ನಾಜಿ ಕಾಯ್ತಾ ನಿಂತಿರ್ತಾಳೆ. ನಾನ್ ಹೋಗ್ದಿದ್ರೆ ಕೋಪ ಮಾಡ್ಕೊಂಡ್ಬಿಡ್ತಾಳೆ."